ಹಳೆ ಕಾರಿಗೆ ಹೊಸ ಚಕ್ರ: ಹಾಕಿಸುವ ಮುನ್ನ ನಾಲ್ಕು ಮಾತು



"ಕಾರಿನ ಚಕ್ರದ ಸಮಾಚಾರ ನಮಗ್ಯಾಕೆ, ಅದು ಯಜಮಾನರ ಪಾಡು" ಅಂತ ಪುಟ ಮಗುಚಬೇಡಿ. ಮನೆಖರ್ಚಿನ ಲೆಕ್ಕ ಬರೆಯುವವರು ನಾವು. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಕಾರಿನಲ್ಲಿ ಘಾಟಿ ಇಳಿಯುವವರೂ ನಾವೇ.

ಹತ್ತು ಹನ್ನೆರಡು ವರ್ಷದ ಕಾರಿಗೆ ಹೊಸ ಮಾಡೆಲ್ಲಿನ ಅಲಾಯ್ ಚಕ್ರ ಹಾಕಿಸುವ ಆಸೆ ಹುಡುಗರಿಗೆ ಇದ್ದೇ ಇರುತ್ತದೆ. "ಇದರಲ್ಲಿ ಸೆನ್ಸರ್ ಇದೆಯಮ್ಮಾ, ಗಾಳಿ ಕಡಿಮೆಯಾದರೆ ಕಾರೇ ಹೇಳುತ್ತೆ" ಅಂತಾರೆ. ಕೇಳಲು ಚೆನ್ನ. ಆದರೆ ಹೇಳುವವರಿದ್ದರೆ ಸಾಕೆ? ಕೇಳಿಸಿಕೊಳ್ಳುವವರೂ ಬೇಕಲ್ಲ!

ಸೆನ್ಸರ್ ಎಂದರೆ ಟಯರಿನ ಒಳಗೆ, ವಾಲ್ವಿನ ಬುಡದಲ್ಲಿ ಕೂರುವ ಪುಟ್ಟ ಯಂತ್ರ. ಗಾಳಿಯ ಒತ್ತಡವನ್ನು ಅಳೆದು ರೇಡಿಯೋ ತರಂಗದಲ್ಲಿ ತಿಳಿಸುತ್ತದೆ. ಅದನ್ನು ಹಿಡಿಯುವ ರಿಸೀವರ್ ಕಾರಿನಲ್ಲಿರಬೇಕು. ಈ ಲೆಕ್ಕದಲ್ಲಿ ಕಾರುಗಳು ಮೂರು ಬಗೆ.

ಮೊದಲನೆಯದು, ರಿಸೀವರ್ ಇಲ್ಲದ ಕಾರು. ಅಮೆರಿಕದಲ್ಲಿ 2007ರ ಸೆಪ್ಟೆಂಬರಿನಿಂದ, ಯೂರೋಪಿನಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಈ ಎಚ್ಚರಿಕೆ ವ್ಯವಸ್ಥೆ ಕಡ್ಡಾಯವಾಯಿತು. ನಮ್ಮಲ್ಲಿನ ಹಳೆಯ ಕಾರುಗಳಲ್ಲಿ ಅನೇಕಕ್ಕೆ ಇದು ಇಲ್ಲವೇ ಇಲ್ಲ. ಅಂಥ ಕಾರಿನಲ್ಲಿ ಸೆನ್ಸರ್ ಮೂಕ. ತೊಂದರೆಯೇನಿಲ್ಲ, ಆದರೆ ಅದಕ್ಕಾಗಿ ಹೆಚ್ಚಿನ ದುಡ್ಡು ತೆರಬೇಡಿ. ಬೇಕೇ ಬೇಕೆಂದರೆ, ವಾಲ್ವಿನ ಮೇಲೆ ಮುಚ್ಚಳದ ಹಾಗೆ ತಿರುಗಿಸಿ ಕೂರಿಸುವ ಸೆನ್ಸರ್ ಮತ್ತು ಪುಟ್ಟ ಪರದೆಯ ಕಿಟ್ ಬೇರೆಯಾಗಿಯೇ ಸಿಗುತ್ತದೆ.

ಎರಡನೆಯದು, ರಿಸೀವರ್ ಇರುವ ಕಾರು. ಇಲ್ಲಿ ಸೆನ್ಸರಿನ ತರಂಗ ಕಾರಿನದಕ್ಕೆ ಹೊಂದಬೇಕು. ಅಮೆರಿಕದ ಎಷ್ಟೋ ಕಾರುಗಳದು 315 ಮೆಗಾಹರ್ಟ್ಜ್, ಯೂರೋಪಿನದು ಸಾಮಾನ್ಯವಾಗಿ 433. ಒಂದರ ಮಾತು ಇನ್ನೊಂದಕ್ಕೆ ಕೇಳಿಸದು. ತರಂಗ ಕೂಡಿದರೂ ಸಾಲದು. ಪ್ರತಿ ಸೆನ್ಸರಿಗೂ ಅದರದೇ ನಂಬರ್ ಇರುತ್ತದೆ, ಅದನ್ನು ಕಾರಿಗೆ ಪರಿಚಯ ಮಾಡಿಸಬೇಕು. ಕೆಲವು ಕಾರುಗಳು ಓಡುತ್ತಾ ತಾವೇ ಕಲಿಯುತ್ತವೆ. ಉಳಿದವಕ್ಕೆ ವರ್ಕ್‌ಶಾಪಿನ ಉಪಕರಣವೇ ಬೇಕು. ಹೊಸ ಚಕ್ರಕ್ಕೆ ಹಳೆಯ ಸೆನ್ಸರ್ ಕೂರುವ ಹಾಗಿದ್ದರೆ ಅದನ್ನೇ ಬದಲಾಯಿಸಿಕೊಳ್ಳಬಹುದು. ಆದರೆ ಅದರ ಬ್ಯಾಟರಿಯ ಆಯಸ್ಸು ಸುಮಾರು 5ರಿಂದ 10 ವರ್ಷ. ಬ್ಯಾಟರಿಯೊಂದನ್ನೇ ತೆಗೆದು ಹಾಕಲು ಸಾಮಾನ್ಯವಾಗಿ ಬರುವುದಿಲ್ಲ. ವಯಸ್ಸಾಗಿದ್ದರೆ ಟಯರು ಬಿಚ್ಚಿದಾಗಲೇ ಹೊಸದು ಹಾಕಿಸಿ, ಎರಡು ಸಲ ಕೂಲಿ ಕೊಡುವುದು ತಪ್ಪುತ್ತದೆ.

ಮೂರನೆಯ ಬಗೆಯಲ್ಲಿ ಚಕ್ರದೊಳಗೆ ಸೆನ್ಸರೇ ಇಲ್ಲ. ಗಾಳಿ ಇಳಿದ ಚಕ್ರ ತುಸು ಕುಗ್ಗಿ ಉಳಿದವಕ್ಕಿಂತ ಬೇಗ ಸುತ್ತುತ್ತದೆ. ಬ್ರೇಕಿನ ಎಬಿಎಸ್ ವ್ಯವಸ್ಥೆ ಅದರಿಂದಲೇ ಪತ್ತೆ ಹಚ್ಚುತ್ತದೆ. ಇದಕ್ಕೆ ಕಂಪನಿ ಹೇಳಿದ ಅಳತೆಯ ಚಕ್ರ ಹಾಕಿಸಿ, ಸರಿಯಾಗಿ ಗಾಳಿ ತುಂಬಿಸಿ, ರೀಸೆಟ್ ಮಾಡಿದರೆ ಮುಗಿಯಿತು.

ನಿಮ್ಮದು ಯಾವ ಬಗೆ? ಕಾರಿನ ಕೈಪಿಡಿ ನೋಡಿ. ಕುದುರೆ ಲಾಳದಂಥ ಚಿತ್ರದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವ ದೀಪವೇ ಇದರ ಗುರುತು. ಅದು ಹತ್ತಿ ನಿಂತರೆ ಗಾಳಿ ಕಡಿಮೆ. ಹಲವು ಕಾರುಗಳಲ್ಲಿ ನಿಮಿಷದಷ್ಟು ಮಿಣುಕಿ ಆಮೇಲೆ ನಿಂತರೆ, ವ್ಯವಸ್ಥೆಯಲ್ಲೇ ದೋಷ ಎಂದರ್ಥ.

ನಮ್ಮ ಬೀದಿಯ ಒಂದು ಮನೆಯವರು ಸೆನ್ಸರಿನ ಚಕ್ರ ಹಾಕಿಸಿ, "ದೀಪ ಹತ್ತಿಲ್ಲವಲ್ಲ" ಅಂತ ಮೂರು ತಿಂಗಳು ಗಾಳಿಯನ್ನೇ ನೋಡಿಸಲಿಲ್ಲ. ಆ ಕಾರಿಗೆ ಅಂಥ ದೀಪವೇ ಇರಲಿಲ್ಲ! ಮಗಳನ್ನು ಬಾಣಂತನಕ್ಕೆ ಕರೆತರಲು ಹೊರಡುವ ಹಿಂದಿನ ದಿನ ಪಂಕ್ಚರ್ ಅಂಗಡಿಯ ಹುಡುಗ ನೋಡಿ, ಟಯರಿನ ಅಂಚು ಪೂರಾ ಸವೆದಿದೆ ಎಂದ. ದೇವರ ದಯೆ, ಬಚಾವಾದರು.

ಆದ್ದರಿಂದ ದುಡ್ಡು ಕೊಡುವ ಮೊದಲು ಇಷ್ಟು ಕೇಳಿ:

1. ಚಕ್ರದ ಅಳತೆ, ಬೋಲ್ಟಿನ ತೂತು ನಮ್ಮ ಕಾರಿಗೆ ಸರಿಯೇ?
2. ಸೆನ್ಸರಿನ ತರಂಗ ನಮ್ಮ ಮಾಡೆಲ್ಲಿಗೆ ಹೊಂದುತ್ತದೆಯೇ?
3. ಕಾರಿಗೆ ಪರಿಚಯ ಮಾಡಿಸುವ ಖರ್ಚು ಬಿಲ್ಲಿನಲ್ಲಿ ಸೇರಿದೆಯೇ?

ಉತ್ತರ ತಡವರಿಸಿದರೆ ಎದ್ದು ಬನ್ನಿ. ಮೂಗಿಗಿಂತ ಮೂಗುತಿ ಭಾರವಾಗಬಾರದು.

ಸೆನ್ಸರ್ ಇರಲಿ, ಬಿಡಲಿ, ಗಾಳಿ ಅಳೆಯುವ ಒಂದು ಗೇಜು ಮನೆಯಲ್ಲಿರಲಿ. ತಿಂಗಳಿಗೊಮ್ಮೆ, ಬೆಳಿಗ್ಗೆ ಕಾರು ತೆಗೆಯುವ ಮೊದಲು ಟಯರು ತಣ್ಣಗಿರುವಾಗ ನೋಡಿ. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಟಯರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅದನ್ನು ಹಿಡಿಯಬೇಡಿ. ಸ್ಟೆಪ್ನಿಯನ್ನೂ ಮರೆಯಬೇಡಿ.