ಕಲ್ಲಿನ ಆಯಸ್ಸು, ಮನುಷ್ಯನ ಆಯಸ್ಸು

ಸಕಲ ಮೃತರ ಸ್ಮರಣೆಯ ನವೆಂಬರ್ ತಿಂಗಳಲ್ಲಿ ನಮ್ಮ ಕುಟುಂಬಗಳು ಸಮಾಧಿಗಳನ್ನು ತೊಳೆದು, ಹೂವಿರಿಸಿ, ಮೇಣದಬತ್ತಿ ಹಚ್ಚುವುದು ವಾಡಿಕೆ. ಮಣ್ಣಿನ ದಿಬ್ಬ, ಮರದ ಶಿಲುಬೆಗಳಿದ್ದೆಡೆ ಈಗ ನುಣುಪಾದ ಗ್ರಾನೈಟ್ ಹಾಸು ಕಾಣುತ್ತದೆ. ಅಗಲಿದವರ ಹೆಸರು ಅಳಿಯಬಾರದೆಂಬ ಆಸೆ ಸಹಜವಾದುದೇ. ಅಂತಹ ಕಲ್ಲನ್ನು ಕೊಯ್ದು ಹೊಳಪು ಕೊಡುವ ಕಸುಬಿಗೆ ನಮ್ಮ ಜಿಗಣಿ ಹೆಸರಾದ ಊರು.

ಕಲ್ಲು ಶಾಶ್ವತವೇ? ಲಾಲ್‌ಬಾಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದರ ಮುಂದೆ ನಮ್ಮ ಎಪ್ಪತ್ತು, ಎಂಬತ್ತು ವರ್ಷ ಯಾವ ಲೆಕ್ಕ? ಆದರೆ ಆ ಬಂಡೆಗೂ ಆರಂಭವಿತ್ತು. ಮಳೆ ಬಿಸಿಲಿಗೆ ಅದೂ ಸವೆಯುತ್ತಿದೆ. ಇನ್ನೊಂದು 300 ಕೋಟಿ ಕೂಡಿಸಿದರೂ ಅನಂತಕ್ಕೆ ಒಂದಂಗುಲವೂ ಹತ್ತಿರವಾಗದು. ಕ್ರಿ.ಶ. 524ರ ಸುಮಾರಿಗೆ, ಮರಣದಂಡನೆಯ ನೆರಳಿನಲ್ಲಿ, ಸೆರೆಯಲ್ಲಿದ್ದ ಬೊಯೆಥಿಯಸ್ ಎಂಬ ತತ್ವಜ್ಞಾನಿ ಈ ಭೇದವನ್ನು ವಿವರಿಸಿದರು: ಮುಗಿಯದ ಕಾಲ ಬೇರೆ, ನಿತ್ಯತೆ ಬೇರೆ. ನಿನ್ನೆಯನ್ನು ಕಳೆದುಕೊಳ್ಳದೆ, ನಾಳೆಗೆ ಕಾಯದೆ, ಬದುಕು ಇಡಿಯಾಗಿ ಒಮ್ಮೆಗೇ ಇರುವುದು ನಿತ್ಯತೆ. ಅದು ದೇವರಿಗೆ ಮಾತ್ರ ಸಲ್ಲುವಂಥದು. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಇದನ್ನೇ ಎತ್ತಿಹಿಡಿದರು.

ಹಾಗಾಗಿ ಮಿತಿಯೆಂಬುದು ಮನುಷ್ಯನಿಗೆ ಅವಮಾನವಲ್ಲ. ಸೃಷ್ಟಿಯಾದುದಕ್ಕೆಲ್ಲ ಅದು ಇದ್ದದ್ದೇ. ಆದರೆ ಎಲ್ಲ ಮಿತಿಗಳನ್ನೂ ಸೃಷ್ಟಿಕರ್ತನೇ ಹಾಕಿದನೆನ್ನಲಾಗದು. ಗ್ರಾನೈಟನ್ನು ನೀರಿಲ್ಲದೆ ಕೊಯ್ದು ಉಜ್ಜುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕಿಳಿದು ಅಲ್ಲಿಯೇ ನೆಲೆಸುತ್ತದೆ. ವರ್ಷಗಳ ಮೇಲೆ ಕೆಮ್ಮು, ಏದುಸಿರು. ಅದರ ಹಿಂದೆಯೇ ಕ್ಷಯದ ಭಯ. ಸಿಲಿಕೋಸಿಸ್ ಎಂಬ ಈ ರೋಗ ಬಂದ ಮೇಲೆ ವಾಸಿಯಾಗುವುದಿಲ್ಲ, ಬಾರದಂತೆ ಮಾತ್ರ ತಡೆಯಬಹುದು. ಕೊಯ್ಯುವಲ್ಲಿ ನೀರು ಹರಿಯಬೇಕು, ಧೂಳು ಹೀರುವ ಯಂತ್ರವಿರಬೇಕು, ತಕ್ಕ ಮುಖಗವಸು ಬೇಕು. (ಮೂಗಿಗೆ ಸುತ್ತಿದ ಟವೆಲ್ಲು ಈ ಧೂಳಿಗೆ ಅಡ್ಡವಾಗದು.) ಇದೇನೂ ಹೊಸ ತಿಳಿವಳಿಕೆಯಲ್ಲ, 1948ರ ಕಾರ್ಖಾನೆ ಕಾಯಿದೆಯೇ ಸರ್ಕಾರಕ್ಕೆ ವರದಿ ಮಾಡಬೇಕಾದ ರೋಗಗಳಲ್ಲಿ ಇದನ್ನು ಸೇರಿಸಿತ್ತು.

ಹೀಗೆ ನಲವತ್ತರಲ್ಲೇ ತೀರಿಹೋದವನ ಮನೆಯಲ್ಲಿ ‘ದೇವರ ಚಿತ್ತ’ ಎಂದು ಸಮಾಧಾನ ಹೇಳುವುದನ್ನು ನಾವು ಒಪ್ಪಲಾರೆವು. ದೇವರು ಕೊಟ್ಟ ಆಯಸ್ಸು ಅದಲ್ಲ. ಧೂಳು ಬಿಟ್ಟುಕೊಟ್ಟ ಆಯಸ್ಸು. ಸಮಾಧಿಗೆ ಕಲ್ಲು ಕೊಳ್ಳಹೋದವರು ದರ ವಿಚಾರಿಸುವುದರ ಜೊತೆಗೆ, ಅದನ್ನು ಕೊಯ್ಯುವಲ್ಲಿ ನೀರು ಹರಿಯುತ್ತಿದೆಯೇ ಎಂದೂ ಕೇಳಲಿ. ಮನೆಯಲ್ಲಿ ಕಲ್ಲಿನ ಕೆಲಸದವರಿದ್ದರೆ, ಕೆಮ್ಮು ಕಾಣದಿದ್ದರೂ, ವೈದ್ಯರಲ್ಲಿ ಕಸುಬನ್ನು ತಿಳಿಸಿ ಎದೆಯ ಎಕ್ಸ್-ರೇ ಮಾಡಿಸಲಿ.