ಪುರಪಿತೃಗಳಿಲ್ಲದ ಪುರ

ಪರಕೀಯರು ಕಟ್ಟಿ ಬಿಟ್ಟುಹೋದ ನಗರಗಳನ್ನು ಆಳತಕ್ಕವರು ಯಾರು? ಆಫ್ರಿಕಾ ಖಂಡದ ಸ್ವತಂತ್ರ ರಾಷ್ಟ್ರಗಳಲ್ಲಿ ಈ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಉಗಾಂಡದ ಕಂಪಾಲದಲ್ಲಿ 2010ರ ಶಾಸನವು ನಗರದ ಕಾರ್ಯಭಾರವನ್ನು ರಾಷ್ಟ್ರಾಧ್ಯಕ್ಷರು ನೇಮಿಸುವ ಅಧಿಕಾರಿಯ ಕೈಗಿತ್ತಿತು. ಜನರು ಆರಿಸಿದ ಮೇಯರರಿಗೆ ಉಳಿದದ್ದು ಬಹುಮಟ್ಟಿಗೆ ಮರ್ಯಾದೆ ಮಾತ್ರ. ಕೀನ್ಯದ ನೈರೋಬಿಯಲ್ಲಿ 2020ರಲ್ಲಿ ಕೆಲವು ಮುಖ್ಯ ಕೆಲಸಗಳನ್ನು ಕೇಂದ್ರ ಸರ್ಕಾರವೇ ವಹಿಸಿಕೊಂಡು, ಸೇನಾಧಿಕಾರಿಯೊಬ್ಬರನ್ನು ಅವುಗಳ ಮೇಲಿಟ್ಟಿತು. ಇದನ್ನೋದಿ 'ಅಯ್ಯೋ ಪಾಪ' ಎನ್ನುವ ಮೊದಲು ನಮ್ಮ ಮನೆಯ ಕಡೆಗೊಮ್ಮೆ ನೋಡಿಕೊಳ್ಳುವುದು ಲೇಸು.

ಅದೇ 2020ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ ತೀರಿತು. ಅವಧಿ ತೀರುವುದರೊಳಗೆ ಚುನಾವಣೆ ಮುಗಿದಿರಬೇಕೆಂಬುದು ಸಂವಿಧಾನದ 74ನೆಯ ತಿದ್ದುಪಡಿಯ ವಿಧಿ. ವಾರ್ಡುಗಳ ಗಡಿ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ, ಹೀಗೆ ಕಾರಣಗಳಿಗೇನೂ ಬರವಿರಲಿಲ್ಲ. ಐದು ವರ್ಷ ಆಡಳಿತಾಧಿಕಾರಿಗಳೇ ಊರನ್ನಾಳಿದರು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದಾಗಿ ಒಡೆಯಿತು. ಆ ವರ್ಷವೂ ಒಂದು ಓಟೂ ಬೀಳದೆ ಕಳೆಯಿತು.

ಮೂಡಲಪಾಳ್ಯದಂಥ ಕಡೆ ವಾಸಿಸುವವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. (ಬೆಂಗಳೂರಿನ ಪಶ್ಚಿಮಕ್ಕಿದ್ದೂ ನಮ್ಮದು ಮೂಡಲು! ಹೆಸರಿಟ್ಟವರ ಕಣ್ಣಿಗೆ ಬೆಂಗಳೂರು ನಡುವಾಗಿರಲಿಲ್ಲವೆಂದು ತೋರುತ್ತದೆ.) ಚರಂಡಿ ಕಟ್ಟಿಕೊಂಡರೆ ನಮ್ಮ ತಾಯಿಯವರು ಹಿಂದೆ ಕಾರ್ಪೊರೇಟರರ ಮನೆಬಾಗಿಲಿಗೇ ಹೋಗಿ ಗಟ್ಟಿಯಾಗಿ ಕೇಳುತ್ತಿದ್ದರು. ಬರೆಯಲು ಬಾರದವರಿಗೆ ಅದೇ ಅರ್ಜಿ. ಈಗ ದೂರು ಮೊಬೈಲಿನಲ್ಲಿ ಹೋಗಬೇಕು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದುದರಿಂದ, ಬೀದಿಯ ಏಳೆಂಟು ಮನೆಗಳ ದೂರು ನನ್ನ ಕೈಯಿಂದಲೇ ಸಾಗುತ್ತದೆ. ಸಂಖ್ಯೆಯೊಂದು ಬರುತ್ತದೆ. ಆ ಸಂಖ್ಯೆಯೊಡನೆ ಜಗಳವಾಡಲು ನಮ್ಮ ತಾಯಿಯವರಿಗೆ ಬಾರದು.

ಪುರಪಿತೃಗಳೆಲ್ಲರೂ ಸಾಧುಗಳಲ್ಲ, ಅಧಿಕಾರಿಗಳೇ ದಕ್ಷರು ಎಂದು ವಾದಿಸುವ ಮಿತ್ರರು ನಮ್ಮ ತರಗತಿಯಲ್ಲಿಯೂ ಇದ್ದಾರೆ. ಇರಬಹುದು. ಆದರೆ ಅಧಿಕಾರಿಯ ವರ್ಗಾವಣೆ ಸರ್ಕಾರದ ಕೈಯಲ್ಲಿದೆ. ಸದಸ್ಯನನ್ನಾದರೋ ಐದು ವರ್ಷಕ್ಕೊಮ್ಮೆ ನಮ್ಮ ಬೀದಿಯೇ ಮನೆಗೆ ಕಳುಹಿಸಬಲ್ಲದು.

ಹಾಗೆಂದು ಚುನಾವಣೆಯೊಂದರಿಂದಲೇ ಎಲ್ಲವೂ ನೆಟ್ಟಗಾಗುವುದೆಂದು ನಾನು ನಂಬಿಲ್ಲ. ನೀರು 1964ರಿಂದ ಜಲಮಂಡಳಿಯದು. ಹೊಸ ಬಡಾವಣೆಗಳ ನಿರ್ಮಾಣ 1976ರಿಂದ ಅಭಿವೃದ್ಧಿ ಪ್ರಾಧಿಕಾರದ್ದು. ಐದು ಪಾಲಿಕೆಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಕಂಪಾಲದ ಮೇಯರರ ನೆನಪಾಗದಿರದು. ವಾರ್ಡಿನ ಸದಸ್ಯನ ಕೈಯಲ್ಲಿ ಉಳಿಯುವುದೇನು? ಓಟು ಯಾಚಿಸಿ ಬಾಗಿಲಿಗೆ ಬರುವವರನ್ನು ನಾವು ಮೊದಲು ಕೇಳಬೇಕಾದ ಪ್ರಶ್ನೆ ಇದು.