ಕೆಂಪು ಕಾಳನ್ನು ದೋಷವೆನ್ನುವ ಖರೀದಿ ನಿಯಮ

ಕರಾವಳಿಯ ಪಡಿತರದಲ್ಲಿ ಸ್ಥಳೀಯ ಕುಚ್ಚಲಕ್ಕಿಯನ್ನೇ ವಿತರಿಸಬೇಕು, ಅದಕ್ಕಾಗಿ ಸರಕಾರ ಇಲ್ಲಿಯ ಭತ್ತವನ್ನೇ ಕೊಳ್ಳಬೇಕು ಎಂಬ ಪ್ರಸ್ತಾಪ 2021–22ರಲ್ಲಿ ಸಾಕಷ್ಟು ಸದ್ದು ಮಾಡಿತು. ಉದ್ದೇಶ ಒಳ್ಳೆಯದು. ಆದರೆ ಖರೀದಿಯ ನಿಯಮಗಳನ್ನು ತಿದ್ದದೆ ಇಂಥ ಪ್ರಸ್ತಾಪ ಫಲಿಸಲಾರದು.

ನಿಯಮದ ಪ್ರಕಾರ ಭತ್ತದ ತೇವಾಂಶ ಶೇ. 17ನ್ನು ಮೀರಬಾರದು. ಉಡುಪಿಯ ಏಣೆಲು ಬೆಳೆ ಕೊಯ್ಲಿಗೆ ಬರುವುದು ಹಿಂಗಾರು ಮಳೆ ಇನ್ನೂ ಸುರಿಯುತ್ತಿರುವಾಗ. ಒಣಗಿಸಲು ಅಂಗಳ ಸಾಲದು. ಕೂಡಿಡಲು ಹಿಂದಿನ ಪತ್ತಾಯಗಳೂ ಉಳಿದಿಲ್ಲ. ಖರೀದಿ ಕೇಂದ್ರದ ಬಾಗಿಲು ತೆರೆಯುವ ಮುನ್ನವೇ ಸಣ್ಣ ರೈತ ಹಸಿ ಭತ್ತವನ್ನು ವ್ಯಾಪಾರಿಗೆ ಮಾರಿರುತ್ತಾನೆ. ಇನ್ನು ಕೇಂದ್ರದ ಏಕರೂಪದ ಮಾನದಂಡದಲ್ಲಿ ಅಕ್ಕಿಯೊಳಗಿನ ಕೆಂಪು ಕಾಳು ಒಂದು ದೋಷ, ಮಿತಿ ಶೇ. 3. ಎಂ.ಓ.4, ಜ್ಯೋತಿ ತಳಿಗಳಲ್ಲಿ ಉಣ್ಣುವವರು ಮೆಚ್ಚುವ ಗುಣವೇ ಕಾಗದದಲ್ಲಿ ಅವಗುಣವಾಗಿದೆ!

ಸರಕಾರಕ್ಕೆ ಬೇರೆ ಬಗೆಯಲ್ಲಿ ಕೊಳ್ಳುವುದು ಗೊತ್ತಿಲ್ಲವೆಂದಲ್ಲ. ಕಾಪು ಬಳಿಯ ಎಲ್ಲೂರಿನಲ್ಲಿ 1,200 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರವಿದೆ. ಹಡಗಿನಲ್ಲಿ ಬಂದ ಕಲ್ಲಿದ್ದಲಿನಿಂದ ನಡೆಯುವ ಈ ಸ್ಥಾವರದ ವಿದ್ಯುತ್ತಿನ ಬಹುಪಾಲಿಗೆ ರಾಜ್ಯದ ವಿದ್ಯುತ್ ಸರಬರಾಜು ಕಂಪನಿಗಳೊಡನೆ ದೀರ್ಘಾವಧಿ ಖರೀದಿ ಒಪ್ಪಂದವಿದೆ. ಇಂಥ ಒಪ್ಪಂದಗಳಲ್ಲಿ ಸ್ಥಾವರ ಸಿದ್ಧವಾಗಿದ್ದರೆ ಸಾಕು, ವಿದ್ಯುತ್ ಪಡೆಯದಿದ್ದರೂ ಸ್ಥಿರ ಶುಲ್ಕ ಸಲ್ಲಬೇಕು. ಅದೇ ಊರಿನ ಗದ್ದೆಗೆ ಮಾತ್ರ ಬಿತ್ತನೆಯ ಹೊತ್ತಿನಲ್ಲಿ ಒಂದು ಹಂಗಾಮಿನ ಭರವಸೆಯೂ ಇಲ್ಲ. ಇದು ಯಾವ ನ್ಯಾಯ?

ಆದ್ದರಿಂದ ರಾಜ್ಯ ಸರಕಾರ ಮಾಡಬೇಕಾದ ತಿದ್ದುಪಡಿಗಳು ಇವು:

1. ಖರೀದಿ ಕೇಂದ್ರಗಳು ಪಂಚಾಂಗದ ತಿಂಗಳಿಗಲ್ಲ, ಆಯಾ ಜಿಲ್ಲೆಯ ಕೊಯ್ಲಿಗೆ ಹೊಂದಿ ತೆರೆಯಬೇಕು.

2. ಹಸಿ ಭತ್ತವನ್ನು ತೂಕ ಕಳೆದು ಕೊಳ್ಳಬೇಕು. ಪ್ರಾಥಮಿಕ ಸಹಕಾರ ಸಂಘಗಳಲ್ಲಿ ಒಣಗಿಸುವ ಯಂತ್ರ ಇರಬೇಕು.

3. ಕೆಂಪಕ್ಕಿಗೆ ಪ್ರತ್ಯೇಕ ಮಾನದಂಡ ರಚಿಸಬೇಕು.

4. ಬೆಂಬಲ ಬೆಲೆಯ ಮೇಲೆ ರಾಜ್ಯದ ಪಾಲು ಸೇರಬೇಕು, ಅದು ಬಿತ್ತನೆಗೆ ಮೊದಲೇ ಪ್ರಕಟವಾಗಬೇಕು. ನೆರೆಯ ಕೇರಳ ಹೀಗೆ ತನ್ನ ಪಾಲು ಸೇರಿಸಿ ಭತ್ತ ಕೊಳ್ಳುತ್ತ ಬಂದಿದೆ.

ಇದಕ್ಕೆ ಹಣ ಬೇಕು, ನಿಜ. ಆದರೆ ಗದ್ದೆ ಕೇವಲ ಅಕ್ಕಿಯ ಮೂಲವಲ್ಲ. ಬದು ಕಟ್ಟಿ ನಿಲ್ಲಿಸಿದ ಮಳೆನೀರು ಇಂಗಿ ಸುತ್ತಲಿನ ಬಾವಿಗಳನ್ನು ಕಾಯುತ್ತದೆ. ಗದ್ದೆ ಹಡಿಲು ಬಿದ್ದಾಗ ಆ ಸೇವೆಯೂ ನಿಲ್ಲುತ್ತದೆ, ಅದರ ಲೆಕ್ಕ ಯಾವ ಆಯವ್ಯಯದಲ್ಲೂ ಕಾಣುವುದಿಲ್ಲ. ಗದ್ದೆಗಳು ಅಡಿಕೆ ತೋಟಗಳಾಗುತ್ತಿರುವ ಮಲೆನಾಡಿನ ನಮಗೆ ಇದು ಕರಾವಳಿಯವರ ಸಮಸ್ಯೆ ಮಾತ್ರವೆನಿಸಬಾರದು. ಘಟ್ಟದ ಮೇಲಿನ ಮತ್ತು ಕೆಳಗಿನ ಗ್ರಾಮಸಭೆಗಳು ಮುಂದಿನ ಬಿತ್ತನೆಗೆ ಮುನ್ನ ಈ ನಾಲ್ಕು ಬೇಡಿಕೆಗಳನ್ನು ನಿರ್ಣಯವಾಗಿ ಅಂಗೀಕರಿಸಿ ಸರಕಾರಕ್ಕೆ ಕಳುಹಿಸಲಿ.